ಪಿವೊ ಮತ್ತು ವೀನೊ: ಚೆಕ್ ಜನರ ಬಿಯರಿನ ಗುಣವಿಚಾರ

ಚೆಕ್ ಭಾಷೆಯಲ್ಲಿ ಬಿಯರಿಗೆ ‘ಪಿವೊ’ ಎಂದೂ ವೈನಿಗೆ ‘ವೀನೊ’ ಎಂದೂ ಹೆಸರು. ಕಿವಿಗೆ ಪ್ರಾಸದಂತೆ ಕೇಳಿಸುವ ಈ ಎರಡು ಶಬ್ದಗಳ ಹುಟ್ಟು ಮಾತ್ರ ಬೇರೆ ಬೇರೆ. ಪಿವೊ ಎಂಬುದು ಕುಡಿಯುವಿಕೆಯನ್ನು ಸೂಚಿಸುವ ಸ್ಲಾವಿಕ್ ಧಾತುವಿನಿಂದ ಬಂದುದು. ಸಂಸ್ಕೃತದ ‘ಪಾ’ ಧಾತು, ಅದರಿಂದಾದ ‘ಪಿಬತಿ’, ‘ಪೀತಿ’ ಮೊದಲಾದ ರೂಪಗಳು ಇವಕ್ಕೂ ಅದಕ್ಕೂ ಮೂಲ ಒಂದೇ. ಪ್ರಾಚೀನ ಸ್ಲಾವಿಕ್ ಭಾಷೆಯಲ್ಲಿ ಪಿವೊ ಎಂದರೆ ಪಾನೀಯವೆಂದಷ್ಟೇ ಅರ್ಥವಿದ್ದು, ಕಾಲಕ್ರಮದಲ್ಲಿ ಅದು ಬಿಯರೆಂಬ ಒಂದೇ ಪಾನೀಯಕ್ಕೆ ಮೀಸಲಾಯಿತು. ವೀನೊ ಎಂಬುದಾದರೋ ಲ್ಯಾಟಿನ್ನಿನ ‘ವೀನುಂ’ ಶಬ್ದವು ಊರೂರು ಸುತ್ತಿ ಸ್ಲಾವಿಕ್ ಭಾಷೆಗಳನ್ನು ಸೇರಿದ ರೂಪ. ಮೊದಲನೆಯದು ಮನೆಯ ಮಾತು, ಎರಡನೆಯದು ಬಂದ ಮಾತು.

ಆದರೂ ಮರ್ಯಾದೆಯ ವಿಷಯದಲ್ಲಿ ಬಂದ ಮಾತಿಗೇ ಮೇಲುಗೈ. ಯೂರೋಪಿನ ಶಿಷ್ಟರ ಭೋಜನಪಂಕ್ತಿಯಲ್ಲಿ ವೈನಿಗೆ ಮಣೆ ಹಾಕುತ್ತಾರೆ. ಬಿಯರಿಗೆ ಹೊರಜಗಲಿಯೇ ಗತಿ. ವೈನಿನ ಊರು ಯಾವುದು, ವರ್ಷ ಯಾವುದು, ತೋಟದ ಯಾವ ಮಗ್ಗುಲಿನ ಹಣ್ಣು ಎಂದೆಲ್ಲ ವಿಚಾರಿಸುವವರು ಬಿಯರನ್ನು ಬಾಯಾರಿಕೆಗೆ ಮದ್ದೆಂದು ಬಗೆದು ಸುಮ್ಮನಾಗುತ್ತಾರೆ. ಈ ತಾರತಮ್ಯವು ಯೂರೋಪಿನದೊಂದೇ ಎನ್ನಲಾಗದು. ನಮ್ಮ ಸ್ಮೃತಿಕಾರರು ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ವಿಂಗಡಿಸಿದರಷ್ಟೆ. ಅವುಗಳಲ್ಲಿ ಧಾನ್ಯದ ಹಿಟ್ಟಿನಿಂದಾದ ಪೈಷ್ಟಿಯೇ ಮುಖ್ಯವಾದ ಸುರೆ ಎಂಬ ಪಕ್ಷವು ವ್ಯಾಖ್ಯಾನಕಾರರಲ್ಲಿ ಪ್ರಬಲವಾಗಿದೆ. ಪಾನದ ಧರ್ಮಾಧರ್ಮಗಳು ಪ್ರಕೃತ ಲೇಖನದ ವಿಷಯವಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡೋಣ. ಒಂದು ಜನಾಂಗವು ಶತಮಾನಗಳಿಂದ ಕೈಪಳಗಿಸಿಕೊಂಡು ಬಂದ ಕಸುಬನ್ನು ಇನ್ನೊಂದು ಕಸುಬಿನ ಅಳತೆಗೋಲಿನಿಂದ ಅಳೆದಾಗ ನಮ್ಮ ಕಣ್ಣಿಗೆ ಏನೇನು ತಪ್ಪಿಹೋಗುತ್ತದೆ ಎಂಬುದು ಇಲ್ಲಿ ನೋಡತಕ್ಕ ಪ್ರಶ್ನೆ.

ಮೊದಲು ತಯಾರಿಕೆಯ ಭೇದವನ್ನು ತಿಳಿಯಬೇಕು. ದ್ರಾಕ್ಷಿಯಲ್ಲಿ ಸಕ್ಕರೆಯು ಸಿದ್ಧವಾಗಿಯೇ ಇರುತ್ತದೆ. ಹಣ್ಣನ್ನು ಹಿಸುಕಿ ತೊಟ್ಟಿಯಲ್ಲಿಟ್ಟರೆ ಸುತ್ತಮುತ್ತಲಿನ ಯೀಸ್ಟೇ ಅದನ್ನು ಹುದುಗಿಸಬಲ್ಲುದು. ಬಾರ್ಲಿಯ ಕಾಳಿನಲ್ಲಿರುವುದು ಪಿಷ್ಟ. ಪಿಷ್ಟವು ಯೀಸ್ಟಿಗೆ ನೇರವಾಗಿ ಆಹಾರವಾಗಲಾರದು. ಆದುದರಿಂದ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಉದ್ದವಾಗುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸಬೇಕು. ಇದೇ ಮಾಲ್ಟ್. ಮಕ್ಕಳ ಗಂಜಿಗಾಗಿ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿಡುವ ನಮ್ಮ ಮನೆಗಳವರಿಗೆ ಈ ಕ್ರಿಯೆ ಹೊಸದೇನೂ ಅಲ್ಲ. ಮೊಳಕೆಹಿಟ್ಟಿನ ಗಂಜಿಯು ಗಟ್ಟಿಯಾಗದೆ ತೆಳ್ಳಗೆ ಸಿಹಿಯಾಗಿ ನಿಲ್ಲುವುದಕ್ಕೂ ಬಾರ್ಲಿಯ ಮಾಲ್ಟು ಬಿಸಿನೀರಿನಲ್ಲಿ ಸಿಹಿಯಾಗುವುದಕ್ಕೂ ಕಾರಣ ಒಂದೇ. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಫ್ರಾನ್ಸಿನ ಪಾಯಾನ್ ಮತ್ತು ಪೆರ್ಸೊ ಎಂಬ ರಸಾಯನಜ್ಞರು ೧೮೩೩ರಲ್ಲಿ ಮಾಲ್ಟಿನಿಂದಲೇ ಈ ದ್ರವ್ಯವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಕಿಣ್ವಗಳ ವಿಜ್ಞಾನಕ್ಕೆ ತಳಹದಿ ಬಿದ್ದುದು ಹೀಗೆ ಬಿಯರ್ ತಯಾರಕನ ಕಣಜದಲ್ಲಿ ಎಂಬುದನ್ನು ನಮ್ಮ ವಿಜ್ಞಾನ ವಿದ್ಯಾರ್ಥಿಗಳು ಮರೆಯಬಾರದು.

ಇದರಿಂದ ಒಂದು ಮುಖ್ಯವಾದ ವ್ಯತ್ಯಾಸ ಹುಟ್ಟುತ್ತದೆ. ವೈನಿನ ಗುಣದ ದೊಡ್ಡ ಪಾಲು ಆ ವರ್ಷದ ಮಳೆಬಿಸಿಲುಗಳಿಂದ ತೋಟದಲ್ಲಿಯೇ ತೀರ್ಮಾನವಾಗಿರುತ್ತದೆ. ಬಿಯರಿನ ಗುಣವನ್ನು ಹಂತಹಂತದಲ್ಲಿಯೂ ಮನುಷ್ಯನೇ ಕಟ್ಟಬೇಕು. ವರ್ಷದಿಂದ ವರ್ಷಕ್ಕೆ ಬೇರೆಯಾಗುವುದು ವೈನಿಗೆ ಶೋಭೆಯಾದರೆ, ವರ್ಷದಿಂದ ವರ್ಷಕ್ಕೆ ಬೇರೆಯಾಗದಂತೆ ನೋಡಿಕೊಳ್ಳುವುದು ಬಿಯರ್ ತಯಾರಕನ ಹಿರಿಮೆ. ಎರಡನೆಯ ಕೆಲಸವು ಮೊದಲನೆಯದಕ್ಕಿಂತ ಸುಲಭವೆಂದು ತೋರಿದರೆ ಅದು ಕೆಲಸವನ್ನು ಕಾಣದವರ ಅಭಿಪ್ರಾಯ.

ಈಗ ಪಶ್ಚಿಮ ಬೊಹೀಮಿಯದ ಪ್ಲ್‌ಜೆನ್ ಪಟ್ಟಣದ ಕಥೆಗೆ ಬರೋಣ. ಜರ್ಮನರು ಇದನ್ನೇ ಪಿಲ್ಸೆನ್ ಎನ್ನುತ್ತಾರೆ. ೧೨೯೫ರಲ್ಲಿ ಎರಡನೆಯ ವಾಕ್ಲಾವ್ ದೊರೆಯು ಸ್ಥಾಪಿಸಿದ ಈ ಊರಿನಲ್ಲಿ ಬಿಯರ್ ತಯಾರಿಸುವ ಹಕ್ಕು ಪೌರರ ಮನೆಗಳಿಗೆ ಸೇರಿದ್ದಿತು. ಹಲವು ಕೈಗಳ ಕೆಲಸವಾದುದರಿಂದ ಗುಣ ಒಂದೇ ಸಮನಾಗಿರಲಿಲ್ಲ. ೧೮೩೮ರಲ್ಲಿ ಕೆಟ್ಟುಹೋದ ಮೂವತ್ತಾರು ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚೆಲ್ಲಿದರೆಂದು ಊರಿನ ಇತಿಹಾಸ ಹೇಳುತ್ತದೆ. ಮರುವರ್ಷವೇ ಹಕ್ಕುಳ್ಳ ಪೌರರು ಕೂಡಿ ಎಲ್ಲರಿಗೂ ಸೇರಿದ ಒಂದೇ ಕಾರ್ಯಾಗಾರವನ್ನು ಕಟ್ಟಿಸಲು ನಿಶ್ಚಯಿಸಿದರು. ಮಾರ್ಟಿನ್ ಸ್ಟೆಲ್ಟ್ಸರ್ ಎಂಬ ಶಿಲ್ಪಿ ಅದನ್ನು ಕಟ್ಟಿದನು. ಬವೇರಿಯದ ಫಿಲ್ಸ್‌ಹೋಫೆನ್ ಊರಿನ ಯೋಸೆಫ್ ಗ್ರೋಲ್ ಎಂಬ ಇಪ್ಪತ್ತೊಂಬತ್ತು ವಯಸ್ಸಿನ ತಯಾರಕನನ್ನು ಕರೆಸಿದರು. ೧೮೪೨ರ ಅಕ್ಟೋಬರ್ ೫ರಂದು ಅವನು ಮೊದಲ ಕಡಾಯಿ ಏರಿಸಿದನು. ನವೆಂಬರ್ ೧೧ರ ಸಂತ ಮಾರ್ಟಿನ್ ಹಬ್ಬದ ದಿನ ಜನ ಅದನ್ನು ರುಚಿ ನೋಡಿದರು. ಬಟ್ಟಲಿನಲ್ಲಿ ಬಂದುದು ಅವರು ಕಂಡಿದ್ದ ಕಂದುಬಣ್ಣದ ದ್ರವವಲ್ಲ. ಹೊಂಬಣ್ಣದ, ತಳದವರೆಗೂ ಕಾಣುವಷ್ಟು ತಿಳಿಯಾದ, ಮೇಲೆ ದಟ್ಟನೆಯ ಬಿಳಿಯ ನೊರೆಯುಳ್ಳ ಬಿಯರು. ಇಂದು ಜಗತ್ತಿನಲ್ಲಿ ತಯಾರಾಗುವ ಬಿಯರಿನ ಬಹುಪಾಲು ದೂರದ ನಂಟಿನಿಂದಾದರೂ ಇದರ ಸಂತಾನವೇ.

ಗ್ರೋಲನ ಈ ಕಾರ್ಯದಲ್ಲಿ ಆಕಸ್ಮಿಕವೆಷ್ಟು, ಅರಿವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕೂಡಿಬಂದ ಅಂಶಗಳನ್ನು ಮಾತ್ರ ಹೇಳಬಹುದು. ಅವುಗಳಲ್ಲಿ ನೀರಿನ ವಿಷಯವೇ ಹೆಚ್ಚು ಸ್ವಾರಸ್ಯವುಳ್ಳದ್ದು. ಪ್ಲ್‌ಜೆನ್ನಿನ ನೀರು ಅತ್ಯಂತ ಮೆದು. ಅದರಲ್ಲಿ ಕರಗಿದ ಲವಣಾಂಶ ಬಹಳ ಕಡಮೆ. ಸುಣ್ಣದ ಅಂಶ ಹೆಚ್ಚಾಗಿರುವ ಗಡಸುನೀರು ಸ್ವಲ್ಪ ಕ್ಷಾರೀಯವಾದುದರಿಂದ ಕಾಳಿನ ಹೊಟ್ಟಿನಿಂದ ಒಗರನ್ನು ಎಳೆದು ತರುತ್ತದೆ, ಬಣ್ಣವನ್ನು ಮಂಕಾಗಿಸುತ್ತದೆ, ಕಹಿಯನ್ನು ಒರಟಾಗಿಸುತ್ತದೆ. ಹೆಚ್ಚು ಹುರಿದ ಕಪ್ಪು ಮಾಲ್ಟಿನಲ್ಲಿ ಆಮ್ಲಗುಣವಿರುವುದರಿಂದ ಅಂತಹ ನೀರಿಗೆ ಅದು ಹೊಂದುತ್ತದೆ. ಮ್ಯೂನಿಕ್, ಡಬ್ಲಿನ್ ಮೊದಲಾದ ಗಡಸುನೀರಿನ ಊರುಗಳು ಕಪ್ಪು ಬಿಯರಿಗೆ ಹೆಸರಾದುದರ ಗುಟ್ಟು ಇದು. ಮೆದುನೀರಿನಲ್ಲಿಯಾದರೆ ತಿಳಿಬಣ್ಣದ ಮಾಲ್ಟನ್ನು ಧಾರಾಳವಾಗಿ ಬಳಸಬಹುದು. ಕಹಿ ಎಷ್ಟು ಹಾಕಿದರೂ ನಾಲಗೆಯನ್ನು ಕೆರೆಯುವುದಿಲ್ಲ. ಮಾಲ್ಟನ್ನು ಹೊಗೆ ತಾಗದಂತೆ ಬಿಸಿಗಾಳಿಯಲ್ಲಿ ಒಣಗಿಸುವ ಇಂಗ್ಲಿಷ್ ಮಾದರಿಯ ಒಲೆಯೂ ಹೊಸ ಕಾರ್ಯಾಗಾರದಲ್ಲಿದ್ದಿತು. ವೈನಿನವರು ನೆಲದ ಗುಣವೆಂದು ಏನನ್ನು ಕೊಂಡಾಡುವರೋ ಅದು ಬಿಯರಿನಲ್ಲಿ ನೀರಿನ ಗುಣವಾಗಿ ಕಾಣಿಸಿಕೊಳ್ಳುತ್ತದೆಯೆಂದರೆ ಅತಿಶಯವಾಗದು.

ಪಾಕಕ್ರಮವೂ ವಿಶಿಷ್ಟವಾದುದು. ಮಾಲ್ಟಿನ ನುಚ್ಚನ್ನು ನೀರಿನಲ್ಲಿ ಕಲಸಿದ ಮೇಲೆ ಅದರ ಮೂರನೆಯ ಒಂದು ಪಾಲನ್ನು ಬೇರೆ ಹಂಡೆಗೆ ತೆಗೆದು ಕುದಿಸಿ ಮರಳಿ ಸುರಿಯುತ್ತಾರೆ. ಇಡೀ ಕಲಸಿನ ಶಾಖ ಒಂದು ಮೆಟ್ಟಿಲು ಏರುತ್ತದೆ. ಪ್ಲ್‌ಜೆನ್ನಿನಲ್ಲಿ ಹೀಗೆ ಮೂರು ಸಲ ಮಾಡುವುದುಂಟು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಶಾಖವನ್ನು ಅಳೆಯಲು ಇದಕ್ಕಿಂತ ನಂಬಿಕೆಯ ಉಪಾಯವಿರಲಿಲ್ಲ, ಏಕೆಂದರೆ ಕುದಿಯುವ ಬಿಂದು ಎಲ್ಲರಿಗೂ ಒಂದೇ. ಉಷ್ಣಮಾಪಕ ಬಂದ ಮೇಲೂ ಚೆಕ್ಕರು ಇದನ್ನು ಬಿಡಲಿಲ್ಲ. ಕುದಿದ ಪಾಲಿನಲ್ಲಿ ಹುಟ್ಟುವ ಬಣ್ಣ, ರೊಟ್ಟಿಯ ಹೊರಪದರದಂತಹ ಪರಿಮಳ, ಬಾಯಿ ತುಂಬುವ ಮೈಕಟ್ಟು ಇವು ಬೇರೆ ದಾರಿಯಿಂದ ಬರುವುದಿಲ್ಲವೆಂಬುದು ಅವರ ವಾದ. ಇಂಧನವೂ ಕಾಲವೂ ಹೆಚ್ಚು ಖರ್ಚಾಗುವುದರಿಂದ ಇತರ ದೇಶಗಳ ಬಹುತೇಕ ಕಾರ್ಖಾನೆಗಳು ಈ ಪದ್ಧತಿಯನ್ನು ಕೈಬಿಟ್ಟಿವೆ. ಆಮೇಲೆ ತಣ್ಣನೆಯ ಹುದುಗು, ಅದರ ಮೇಲೆ ನೀರು ಗಡ್ಡೆಗಟ್ಟುವುದಕ್ಕೆ ಸಮೀಪದ ಚಳಿಯಲ್ಲಿ ವಾರಗಟ್ಟಲೆ ವಿಶ್ರಾಂತಿ. ಚೆಕ್ಕರಲ್ಲಿ ಇಂತಹ ಬಿಯರಿಗೆ ‘ಲೆಜಾಕ್’ ಎಂದರೆ ‘ಮಲಗಿರುವುದು’ ಎಂದೇ ಹೆಸರು. ಈ ಚಳಿಯಲ್ಲಿ ಕೆಲಸ ಮಾಡುವ ಯೀಸ್ಟು ಒಂದು ಸಂಕರಜಾತಿ. ಅದರ ಕಾಡುಜಾತಿಯ ತಾಯಿಬೇರು ಯಾವುದೆಂಬುದು ಬಹುಕಾಲ ತಿಳಿಯದೆ, ೨೦೧೧ರಲ್ಲಿ ದಕ್ಷಿಣ ಅಮೆರಿಕದ ಪಟಗೋನಿಯದ ಕಾಡಿನಲ್ಲಿ ಅದರ ಸಂಬಂಧಿ ಮೊದಲು ಪತ್ತೆಯಾಯಿತು.

ಹಾಪ್ ಬಳ್ಳಿಯ ಮಾತು ಬಂದಾಗ ದ್ರಾಕ್ಷಿಯ ಸಾಮ್ಯ ಇನ್ನೂ ಸ್ಪಷ್ಟ. ಜರ್ಮನರು ಸಾಟ್ಸ್ ಎನ್ನುವ ಜಾತೆತ್ಸ್ ಪಟ್ಟಣದ ಸುತ್ತಣ ನೆಲದಲ್ಲಿ ಏಳು ಮೀಟರಿನಷ್ಟು ಎತ್ತರದ ಹಂದರಗಳ ಮೇಲೆ ಈ ಬಳ್ಳಿಯನ್ನು ಹಬ್ಬಿಸುತ್ತಾರೆ. ಹೆಣ್ಣು ಬಳ್ಳಿಗಳಿಗೆ ಮಾತ್ರ ಬೆಲೆ. ಅವುಗಳ ಹೂಗೊಂಚಲಿನ ಎಸಳುಗಳ ನಡುವೆ ಹಳದಿಯ ಪುಡಿಯಂತಿರುವ ಗ್ರಂಥಿಗಳಲ್ಲಿ ಕಹಿಯೂ ಸುಗಂಧವೂ ಅಡಗಿವೆ. ಜಾತೆತ್ಸಿನ ಕೆಂಪುಕಾಂಡದ ತಳಿಯಲ್ಲಿ ಕಹಿಯಾಮ್ಲದ ಪ್ರಮಾಣ ಸುಮಾರು ಶೇಕಡ ಮೂರು ನಾಲ್ಕು. ಲಾಭದೃಷ್ಟಿಯಿಂದ ಬೆಳೆಸಿದ ಹೊಸ ತಳಿಗಳಲ್ಲಿ ಇದರ ಮೂರು ನಾಲ್ಕು ಪಟ್ಟು ಇರುವುದುಂಟು. ಲೆಕ್ಕದ ಮನುಷ್ಯನಿಗೆ ಇದು ದೋಷ. ಕಹಿ ಕಡಮೆಯಾದುದರಿಂದ ಹೆಚ್ಚು ತೂಕದ ಹೂವನ್ನು ಹಾಕಬೇಕು. ಹಾಗೆ ಹಾಕಿದಾಗ ಕಹಿಯ ಜೊತೆಗೆ ಹಸಿಹುಲ್ಲು, ಗಿಡಮೂಲಿಕೆ, ಸಣ್ಣ ಮಸಾಲೆಯ ಪರಿಮಳಗಳು ಹೇರಳವಾಗಿ ಬರುತ್ತವೆ. ಆದುದರಿಂದ ದೋಷವೇ ಗುಣವಾಯಿತು. ಕಾರೆಲ್ ಓಸ್ವಾಲ್ಡ್ ಎಂಬ ಸಂಶೋಧಕನು ೧೯೨೭ರಿಂದ ಈ ತಳಿಯ ಉತ್ತಮ ಬಳ್ಳಿಗಳನ್ನು ಆರಿಸಿ ಕಾಪಾಡಿದನು. ೨೦೨೩ರಲ್ಲಿ ಯುನೆಸ್ಕೊ ಸಂಸ್ಥೆಯು ಜಾತೆತ್ಸ್ ಪಟ್ಟಣವನ್ನೂ ಅದರ ಹಾಪ್ ತೋಟಗಳ ನಾಡನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಚೆಕ್ ಬಿಯರೆಂದು ನಾವು ಹೇಳುತ್ತಿರುವಾಗ ಒಂದು ಎಚ್ಚರಿಕೆ ಅವಶ್ಯಕ. ಗ್ರೋಲನು ಬವೇರಿಯದವನು, ೧೮೪೫ರಲ್ಲಿ ಒಪ್ಪಂದ ಮುಗಿದೊಡನೆ ಅವನು ತನ್ನೂರಿಗೆ ಹಿಂತಿರುಗಿದನು. ಜಾತೆತ್ಸಿನ ತೋಟಗಳಲ್ಲಿ ದುಡಿದವರು ಹೆಚ್ಚಾಗಿ ಜರ್ಮನ್ ಮಾತನಾಡುವವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೫–೪೬ರಲ್ಲಿ, ಅವರನ್ನು ದೇಶದಿಂದ ಹೊರಗೆ ಹಾಕಿದಾಗ ತೋಟಗಳು ಬೇರೆ ಕೈಗಳನ್ನು ಸೇರಿದುವು. ಬಳ್ಳಿ ಉಳಿಯಿತು, ಬೆಳೆಸಿದವರು ಉಳಿಯಲಿಲ್ಲ. ಪರಂಪರೆಯ ಹೆಮ್ಮೆಯನ್ನು ಬರೆಯುವವರು ಈ ಪುಟವನ್ನು ಮಡಿಸಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಚೆಕ್ಕರ ಪಾಲು ಸಣ್ಣದೆಂದೇನೂ ಅಲ್ಲ. ಫ್ರಾಂಟಿಶೆಕ್ ಒಂದ್ರೇಯ್ ಪೌಪ್ಯೆ ಎಂಬವನು ಹದಿನೆಂಟನೆಯ ಶತಮಾನದಲ್ಲಿಯೇ ಉಷ್ಣಮಾಪಕವನ್ನು ಕಾರ್ಯಾಗಾರಕ್ಕೆ ತಂದು, ಬರ್ನೊ ನಗರದಲ್ಲಿ ಈ ವಿದ್ಯೆಗೆ ಶಾಲೆಯನ್ನು ತೆರೆದನು. ಪ್ರಾಗಿನ ರಸಾಯನಶಾಸ್ತ್ರದ ಅಧ್ಯಾಪಕ ಕಾರ್ಲ್ ಬಾಲಿಂಗ್ ೧೮೪೩ರಲ್ಲಿ ಸಿಹಿತಿಳಿಯಲ್ಲಿ ಕರಗಿರುವ ಸಕ್ಕರೆಯ ಪ್ರಮಾಣವನ್ನು ಅಳೆಯುವ ಮಾಪಕವನ್ನು ರೂಪಿಸಿದನು. ಇಂದಿಗೂ ಚೆಕ್ ಗಿರಾಕಿ ‘ಹತ್ತು’ ಅಥವಾ ‘ಹನ್ನೆರಡು’ ಕೊಡಿ ಎಂದು ಕೇಳುವುದು ಬಾಲಿಂಗನ ಅಂಶಗಳನ್ನೇ. ಹನ್ನೆರಡೆಂದರೆ ಹುದುಗುವ ಮೊದಲು ನೂರು ಪಾಲಿನಲ್ಲಿ ಹನ್ನೆರಡು ಪಾಲು ಸಾರವಿದ್ದಿತೆಂದರ್ಥ, ಮದ್ಯಸಾರದ ಅಂಶವಲ್ಲ. ಹೊರಗಿನವರು ಇಲ್ಲಿ ತಪ್ಪಿ ಬೆಚ್ಚುವುದುಂಟು. ಪ್ಲ್‌ಜೆನ್ನಿನ ಮೂಲ ಬಿಯರಿನಲ್ಲಿ ಮದ್ಯಸಾರ ಶೇಕಡ ೪.೪ ಮಾತ್ರ. ಸಕ್ಕರೆಯೆಲ್ಲವನ್ನೂ ಯೀಸ್ಟಿಗೆ ಬಿಟ್ಟುಕೊಡದೆ ಸ್ವಲ್ಪ ಸಾರವನ್ನು ಉಳಿಸಿಕೊಳ್ಳುವುದು ಚೆಕ್ ಪದ್ಧತಿಯ ಲಕ್ಷಣ. ಕಹಿಗೆ ಹಾಸಿಗೆಯಾಗುವುದು ಈ ಉಳಿಕೆಯೇ.

ವೈನು ಈ ನಾಡಿಗೆ ಅಪರಿಚಿತವೆಂದು ಭಾವಿಸಬಾರದು. ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿ ೧೩೫೮ರಲ್ಲಿ ಪ್ರಾಗಿನ ಸುತ್ತಣ ಇಳಿಜಾರುಗಳಲ್ಲಿ ದ್ರಾಕ್ಷಿಯನ್ನು ನೆಡಬೇಕೆಂದು ಆಜ್ಞೆ ಹೊರಡಿಸಿದನು. ಮೂವತ್ತು ವರ್ಷಗಳ ಯುದ್ಧದಲ್ಲಿ ಆ ತೋಟಗಳು ಹಾಳಾದುವು. ಇಂದು ದೇಶದ ದ್ರಾಕ್ಷಿತೋಟಗಳಲ್ಲಿ ಶೇಕಡ ೯೫ಕ್ಕೂ ಹೆಚ್ಚು ಇರುವುದು ಮೊರೇವಿಯದಲ್ಲಿ, ಮಿಕುಲೋವ್, ಜ್ನೋಯ್ಮೊ ಮೊದಲಾದ ಊರುಗಳ ಸುತ್ತ. ಬೊಹೀಮಿಯದಲ್ಲಿ ಲಾಬೆ ಮತ್ತು ವ್ಲ್ಟಾವ ನದಿಗಳು ಸೇರುವ ಮ್ಯೆಲ್ನಿಕ್ಕಿನಂತಹ ಕೆಲವೆಡೆ ಮಾತ್ರ. ಯೋಸೆಫ್ ವೆವೆರ್ಕ ಎಂಬವನು ೧೯೫೩ರಲ್ಲಿ ಸಂಕರಿಸಿದ ‘ಪಾಲವ’ ಎಂಬ ಸುಗಂಧದ ತಳಿ ಮೊರೇವಿಯದವರ ಸ್ವಂತ ಹೆಮ್ಮೆ. ಶರತ್ಕಾಲದಲ್ಲಿ ಅರ್ಧ ಹುದುಗಿದ, ಇನ್ನೂ ಕದಡಿರುವ ಹೊಸ ದ್ರಾಕ್ಷಾರಸವನ್ನು ‘ಬುರ್ಚಾಕ್’ ಎಂದು ಮಾರುತ್ತಾರೆ. ಅದನ್ನು ಆಗಸ್ಟ್‌ನಿಂದ ನವೆಂಬರ್ ಕೊನೆಯವರೆಗೆ ಮಾತ್ರ ಮಾರಲು ಕಾನೂನು ಅವಕಾಶ ಕೊಡುತ್ತದೆ. ಮೊರೇವಿಯದ ರೈತನ ನೆಲಮಾಳಿಗೆಯಲ್ಲಿ ವೈನಿಗೆ ಯಾವ ರಾಜಠೀವಿಯೂ ಇಲ್ಲ. ಅಲ್ಲಿ ಅದು ಬೊಹೀಮಿಯದ ಬಿಯರಿನಂತೆಯೇ ನೆರೆಹೊರೆಯವರ ಪಾನೀಯ. ಹೀಗಾಗಿ ವೈನಿನ ಮೇಲ್ಮೆಯು ಅದರ ರಸದಲ್ಲಿಯೇ ಇದೆಯೋ, ಅದನ್ನು ದೂರದಿಂದ ತರಿಸಿ ಕುಡಿದವರ ಅಂತಸ್ತಿನಲ್ಲಿದೆಯೋ ಎಂದು ಸಂಶಯಪಡಲು ಕಾರಣವುಂಟು. ನನಗೆ ಎರಡನೆಯದೇ ಹೆಚ್ಚು ಸಂಭಾವ್ಯವೆಂದು ತೋರುತ್ತದೆ.

ಹಾಗಾದರೆ ಬಿಯರಿನ ಗುಣವನ್ನು ನೋಡುವುದು ಹೇಗೆ? ವೈನಿನ ಪರೀಕ್ಷಕನು ಬಟ್ಟಲನ್ನು ತಿರುಗಿಸಿ, ಮೂಸಿ, ಒಂದು ಗುಟುಕನ್ನು ಬಾಯಲ್ಲಾಡಿಸಿ ಉಗುಳಿಬಿಡುತ್ತಾನೆ. ಬಿಯರಿನ ಪರೀಕ್ಷಕನು ನುಂಗಲೇಬೇಕು. ಕಹಿಯು ಹೇಗೆ ಏರಿ ಹೇಗೆ ಇಳಿಯಿತು, ಇಳಿದ ಮೇಲೆ ಬಾಯಿ ಶುಚಿಯಾಯಿತೋ ಅಂಟಾಗಿ ಉಳಿಯಿತೋ ಎಂಬುದು ನುಂಗಿದ ಅನಂತರವೇ ತಿಳಿಯತಕ್ಕದ್ದು. ಚೆಕ್ಕರು ಇದಕ್ಕೆ ಎರಡು ಶಬ್ದಗಳನ್ನು ಇಟ್ಟುಕೊಂಡಿದ್ದಾರೆ. ಒಂದು ‘ರ್ಜೀಜ್’: ನಾಲಗೆಯನ್ನು ಚುರುಕುಗೊಳಿಸುವ ಕಡಿತ. ಇನ್ನೊಂದು ‘ಪಿತೆಲ್ನೊಸ್ತ್’, ಒಂದು ಬಟ್ಟಲು ಮುಗಿದಾಗ ಇನ್ನೊಂದು ಬೇಕೆನ್ನಿಸುವ ಗುಣ. ‘ಪೇಯತೆ’ ಎಂದು ಅದನ್ನು ಕನ್ನಡಿಸಿದರೆ ಧಾತುವೂ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ. ವೈನಿನ ವಿಮರ್ಶೆಯ ಪರಿಭಾಷೆಯಲ್ಲಿ ಇದಕ್ಕೆ ಸಮನಾದ ಗೌರವದ ಪದ ನನಗೆ ಕಾಣಸಿಕ್ಕಿಲ್ಲ. ತೀವ್ರತೆ, ಸಂಕೀರ್ಣತೆ, ದೀರ್ಘಾಯುಷ್ಯ, ದುರ್ಲಭತೆ ಇವು ಅಲ್ಲಿನ ಹೊಗಳಿಕೆಗಳು. ಈ ನಾಲ್ಕನ್ನೂ ಹಿಡಿದು ನೋಡಿದರೆ ಚೆಕ್ ಬಿಯರು ಸೋಲುವುದು ನಿಶ್ಚಯ. ಅದು ಹಳೆಯದಾದರೆ ಕೆಡುತ್ತದೆ, ಅಗ್ಗವಾಗಿ ಸಿಗುತ್ತದೆ, ಗಮನವನ್ನೆಲ್ಲ ತನ್ನ ಮೇಲೆ ಸೆಳೆದುಕೊಳ್ಳದೆ ಮಾತುಕತೆಯ ಪಕ್ಕದಲ್ಲಿ ಕುಳಿತಿರುತ್ತದೆ.

ನೊರೆಯ ವಿಷಯವನ್ನೂ ಹೇಳಬೇಕು. ನಮ್ಮವರು ನೊರೆಯನ್ನು ಮಾರುವವನ ಮೋಸವೆಂದು ತಿಳಿಯುವುದುಂಟು. ಚೆಕ್ ಸುರಿಯುವವನು ಬಟ್ಟಲನ್ನು ತಣ್ಣೀರಿನಲ್ಲಿ ತೊಳೆದು, ಮೊದಲು ಒದ್ದೆಯಾದ ನುಣ್ಣನೆಯ ನೊರೆಯನ್ನು ಇಳಿಸಿ, ಅದರ ಕೆಳಗೆ ಬಿಯರನ್ನು ತುಂಬುತ್ತಾನೆ. ಕಾಳಿನ ಪ್ರೋಟೀನುಗಳೂ ಹಾಪಿನ ಕಹಿದ್ರವ್ಯಗಳೂ ಸೇರಿ ಕಟ್ಟಿದ ಈ ಮುಚ್ಚಳವು ಗಾಳಿಯನ್ನು ತಡೆಯುತ್ತದೆ, ಒಳಗಿನ ಅನಿಲವನ್ನು ಹಿಡಿದಿಡುತ್ತದೆ. ನೊರೆಯ ಪ್ರಮಾಣವನ್ನನುಸರಿಸಿ ಸುರಿಯುವ ಕ್ರಮಕ್ಕೆ ‘ಹ್ಲಾದಿಂಕ’, ‘ಶ್ನಿತ್’, ‘ಮ್ಲೀಕೊ’ ಎಂದು ಹೆಸರುಗಳಿವೆ. ಕೊನೆಯದು ಬಹುತೇಕ ನೊರೆಯೇ ಆದುದರಿಂದ ಹಾಲು ಎಂಬ ಹೆಸರು ತಕ್ಕುದಾಗಿದೆ.

ಸಾಹಿತ್ಯದಲ್ಲಿಯೂ ಇದರ ನೆರಳು ದೀರ್ಘವಾದುದು. ಸಂಗೀತಕಾರ ಸ್ಮೆತನ ಹುಟ್ಟಿದುದು ಬಿಯರ್ ತಯಾರಕನ ಮಗನಾಗಿ. ೧೮೬೬ರಲ್ಲಿ ರಂಗಕ್ಕೆ ಬಂದ ಅವನ ‘ಮಾರಾಟವಾದ ಮದುವಣಗಿತ್ತಿ’ ಎಂಬ ಗೀತನಾಟಕದ ಎರಡನೆಯ ಅಂಕವು ಬಿಯರಿನ ಸ್ತುತಿಯಿಂದಲೇ ಆರಂಭವಾಗುತ್ತದೆ. ಕಾದಂಬರಿಕಾರ ಹ್ರಬಾಲ್ ನಿಂಬುರ್ಕಿನ ಬಿಯರ್ ಕಾರ್ಯಾಗಾರದ ಮನೆಯಲ್ಲಿ ಬೆಳೆದನು. ವಾಕ್ಲಾವ್ ಹಾವೆಲನ ಪ್ರಸಂಗ ಇವೆರಡಕ್ಕಿಂತ ಗಂಭೀರವಾದುದು. ಸರ್ಕಾರದ ಅವಕೃಪೆಗೆ ಪಾತ್ರನಾಗಿ ೧೯೭೪ರಲ್ಲಿ ಅವನು ತ್ರುತ್ನೋವ್ ಊರಿನ ಕಾರ್ಯಾಗಾರದಲ್ಲಿ ಕೂಲಿಯವನಾಗಿ ದುಡಿದನು. ಮರುವರ್ಷ ಬರೆದ ‘ಆಡಿಯೆನ್ಸ್’ ಎಂಬ ಏಕಾಂಕದಲ್ಲಿ ಆ ಅನುಭವವಿದೆ. ಕಾರ್ಯಾಗಾರದ ಯಜಮಾನನು ನಿಷೇಧಿತ ಲೇಖಕನೊಬ್ಬನಿಗೆ ಬಟ್ಟಲ ಮೇಲೆ ಬಟ್ಟಲು ಬಿಯರು ಸುರಿಯುತ್ತಾನೆ. ಲೇಖಕನಿಗೆ ಅದು ಇಳಿಯದು. ಕಣ್ಣು ತಪ್ಪಿಸಿ ಯಜಮಾನನ ಬಟ್ಟಲಿಗೇ ಸುರಿದುಬಿಡುತ್ತಾನೆ. ಯಜಮಾನನು ಕಡೆಗೆ ಕೇಳುವುದು ಇಷ್ಟು: ನಿನ್ನ ಮೇಲಿನ ಗುಪ್ತವರದಿಗಳನ್ನು ನೀನೇ ಬರೆದುಕೊಡು, ನನಗೆ ಬರೆಯಲು ಬಾರದು. ಬಿಯರಿನ ಸಮಾನತೆಯನ್ನು ಕೊಂಡಾಡುವವರು ಈ ನಾಟಕವನ್ನು ಒಮ್ಮೆ ಓದಬೇಕು. ಒಂದೇ ಮೇಜಿನ ಎರಡು ಬದಿಗೆ ಕುಳಿತವರ ನಡುವಣ ದೂರವನ್ನು ಬಿಯರು ಅಲ್ಲಿ ತುಂಬುವುದಿಲ್ಲ, ತೋರಿಸುತ್ತದೆ.

ಆ ಆಡಳಿತದ ಬಗ್ಗೆ ಒಂದು ವಿಚಿತ್ರ ಸಂಗತಿಯುಂಟು. ಹೊಸ ಯಂತ್ರಗಳಿಗೆ ಹಣವಿಲ್ಲದುದರಿಂದ ಹಳೆಯ ಪದ್ಧತಿಗಳು ತಾವಾಗಿಯೇ ಉಳಿದುವು. ೧೯೮೯ರ ಅನಂತರ ಬಂಡವಾಳ ಬಂದಿತು. ಪ್ಲ್‌ಜೆನ್ನಿನ ಮರದ ತೊಟ್ಟಿಗಳ ಸ್ಥಾನಕ್ಕೆ ಉಕ್ಕಿನ ಪಾತ್ರೆಗಳು ಬಂದುವು, ಹೋಲಿಕೆಗೆಂದು ಕೆಲವು ಮರದ ಪೀಪಾಯಿಗಳನ್ನು ಮಾತ್ರ ಉಳಿಸಿಕೊಂಡರು. ಆ ಸಂಸ್ಥೆ ೨೦೧೭ರಲ್ಲಿ ಜಪಾನಿನ ಅಸಾಹಿಯ ವಶವಾಯಿತು. ದಕ್ಷಿಣದ ಚೆಸ್ಕೆ ಬುದ್ಯೆಯೋವಿತ್ಸೆ ಊರಿನ, ೧೮೯೫ರಲ್ಲಿ ಹುಟ್ಟಿದ ಬುದ್ವಾರ್ ಸಂಸ್ಥೆ ಸರ್ಕಾರದ ಸ್ವತ್ತಾಗಿಯೇ ಉಳಿದಿದೆ. ಬುಡ್‌ವೈಸರ್ ಎಂಬ ಹೆಸರಿಗಾಗಿ ಅಮೆರಿಕದ ಸಂಸ್ಥೆಯೊಂದರೊಡನೆ ಅದು ನಡೆಸಿದ ವ್ಯಾಜ್ಯ ನೂರು ವರ್ಷಕ್ಕೂ ಮೀರಿದ್ದು. ಫ್ರಾನ್ಸಿನ ವೈನಿನ ಊರುಗಳು ತಮ್ಮ ಹೆಸರುಗಳಿಗೆ ಕಾನೂನಿನ ಬೇಲಿ ಕಟ್ಟಿಕೊಂಡವು. ಪ್ಲ್‌ಜೆನ್ ಮಾತ್ರ ತನ್ನ ಹೆಸರು ‘ಪಿಲ್ಸ್‌ನರ್’ ಎಂಬ ಸಾಮಾನ್ಯನಾಮವಾಗಿ ಊರೂರಿನ ಸೀಸೆಗಳ ಮೇಲೆ ಕುಳಿತುದನ್ನು ನೋಡುತ್ತ ನಿಂತಿತು. ‘ಚೆಸ್ಕೆ ಪಿವೊ’ ಎಂಬ ಹೆಸರಿಗೆ ಯೂರೋಪಿನ ಒಕ್ಕೂಟದ ರಕ್ಷಣೆ ದೊರೆತುದು ೨೦೦೮ರಷ್ಟು ತಡವಾಗಿ.

ಈಗ ಬಂದಿರುವ ತೊಡಕು ಕಾನೂನಿನಿಂದ ತೀರುವಂತಹುದಲ್ಲ. ೨೦೨೩ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ಬಿಸಿಲು ಹೆಚ್ಚಿ ಮಳೆ ತಪ್ಪುವುದರಿಂದ ಯೂರೋಪಿನ ಸುಗಂಧದ ಹಾಪ್ ತಳಿಗಳ ಇಳುವರಿ ೨೦೫೦ರ ವೇಳೆಗೆ ಶೇಕಡ ೪ರಿಂದ ೧೮ರಷ್ಟೂ ಅವುಗಳ ಕಹಿಯಾಮ್ಲ ಶೇಕಡ ೨೦ರಿಂದ ೩೧ರಷ್ಟೂ ಕುಗ್ಗಬಹುದು. ಮೊದಲೇ ಕಹಿ ಕಡಮೆಯಿರುವ ಜಾತೆತ್ಸಿನ ಬಳ್ಳಿಗೆ ಇದು ಸಣ್ಣ ಪೆಟ್ಟಲ್ಲ. ತೋಟಗಳಿಗೆ ನೀರಾವರಿ ಮಾಡುವ, ತೇವವುಳ್ಳ ತಗ್ಗಿನ ನೆಲಗಳನ್ನು ಹುಡುಕುವ ಪ್ರಯತ್ನಗಳು ನಡೆದಿವೆ; ಜಾತೆತ್ಸಿನ ಹಾಪ್ ಸಂಶೋಧನಾಲಯದವರು ಹಳೆಯ ತಳಿಯ ಪರಿಮಳವನ್ನು ಉಳಿಸಿಕೊಂಡು ಬರವನ್ನು ತಡೆಯಬಲ್ಲ ಹೊಸ ಬಳ್ಳಿಗಳನ್ನು ಬೆಳೆಸಿದ್ದಾರೆ. ಅವುಗಳ ಹೂವಿನಿಂದ ಕಾಸಿದ ಬಿಯರನ್ನೂ ಹಳೆಯ ತಳಿಯ ಬಿಯರನ್ನೂ ಹೆಸರು ಮರೆಮಾಡಿ ಪಕ್ಕಪಕ್ಕದಲ್ಲಿಟ್ಟು ಸವಿದು ನೋಡುವ ಕೆಲಸ ಈಗ ಅಲ್ಲಿನ ತಯಾರಕರ ಪಾಲಿಗೆ ಬಂದಿದೆ.